ಮೂರು ದಿನದ ಬುಡಾಪೆಸ್ಟ್ ಮತ್ತು ಒಂದು ಹಳೆಯ ನಕ್ಷೆ

ಈ ಬೇಸಿಗೆಯಲ್ಲಿ ಎಲ್ಲಿಗಾದರೂ ಹೋಗಲೇಬೇಕು ಅಂತ ಹಠ ಹಿಡಿದವನು ನಮ್ಮಕ್ಕನ ಮಗ. ಜರ್ಮನಿಯಲ್ಲಿ ಓದುತ್ತಿದ್ದಾನೆ, ಕೈಯಲ್ಲಿ ದುಡ್ಡು ಕಮ್ಮಿ, ಉತ್ಸಾಹ ಜಾಸ್ತಿ. "ಮಾಮ, ಬುಡಾಪೆಸ್ಟ್. ಶುಕ್ರವಾರ ಬೆಳಗ್ಗೆ ಹೋಗೋದು, ಭಾನುವಾರ ರಾತ್ರಿ ವಾಪಸ್. ಹಗಲು ನೀವು ಹೇಳಿದ ಕಡೆ ನಾನು ಬರ್ತೀನಿ, ರಾತ್ರಿ ನಾನು ಹೇಳಿದ ಕಡೆ ನೀವು ಬರ್ಬೇಕು" ಅಂತ ಫೋನಿನಲ್ಲೇ ಕರಾರು ಮಾಡಿಕೊಂಡ. ಪಕ್ಕದಲ್ಲಿದ್ದ ನನ್ನಾಕೆ "ಅಲ್ಲಿ ನನಗೆ ತಿನ್ನೋಕೆ ಏನು ಸಿಗುತ್ತೆ ಕೇಳಿ ಅವನನ್ನ" ಅಂದಳು. ಹೀಗೆ ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಂತು.

ನನಗೆ ಪ್ರವಾಸಕ್ಕಿಂತ ಪ್ರವಾಸದ ತಯಾರಿಯೇ ಹೆಚ್ಚು ಇಷ್ಟ. ಊರಿನ ಹಳೆಯ ನಕ್ಷೆ ಹುಡುಕುವುದು, ಯಾವ ಬೀದಿಗೆ ಮೊದಲು ಯಾವ ಹೆಸರಿತ್ತು ನೋಡುವುದು, ಹೀಗೆ ನಾಲ್ಕು ರಾತ್ರಿ ಕಳೆದವು. (ಆ ಊರಿನವರ ಬಾಯಲ್ಲಿ ಅದು ಬುಡಾಪೆಸ್ಟ್ ಅಲ್ಲ, 'ಬುಡಾಪೆಶ್ತ್'. ಅವರ ಲಿಪಿಯ 'ಸ' ನಮ್ಮ 'ಶ'. ಇದೊಂದು ಗೊತ್ತಾದರೆ ಅರ್ಧ ಹಂಗೇರಿಯನ್ ಬಂದ ಹಾಗೆ ಅಂತ ನನ್ನ ಭ್ರಮೆ.)

ಹಗಲಿನ ಪಟ್ಟಿ ಮಾಡುವುದು ಸುಲಭವಾಯಿತು. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಗುಡ್ಡದ ಬುಡಾ, ಇನ್ನೊಂದು ದಡದಲ್ಲಿ ಬಯಲಿನ ಪೆಶ್ತ್. ಇವೆರಡೂ ಓಬುಡಾ ಎಂಬ ಮೂರನೆಯದರ ಜತೆ ಸೇರಿ ಒಂದೇ ಊರಾದದ್ದು 1873ರಲ್ಲಿ. ನಡುವೆ ಚೈನ್ ಬ್ರಿಡ್ಜ್, 1849ರದ್ದು. ಈಗ ನಾವು ನೋಡುವುದು ಮಾತ್ರ ಮತ್ತೆ ಕಟ್ಟಿದ್ದು. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಅದನ್ನು ಸ್ಫೋಟಿಸಿತು, ಸರಿಯಾಗಿ ನೂರು ವರ್ಷಕ್ಕೆ 1949ರಲ್ಲಿ ಮತ್ತೆ ತೆರೆದರು. ಪಾರ್ಲಿಮೆಂಟಿನ ಗುಮ್ಮಟ 96 ಮೀಟರ್ ಎತ್ತರ, ಸೇಂಟ್ ಸ್ಟೀಫನ್ ಬೆಸಿಲಿಕಾ ಕೂಡ 96 ಮೀಟರ್. 1896 ಅವರಿಗೆ ದೊಡ್ಡ ವರ್ಷ. ಮಜಾರ್ ಜನ ಆ ನಾಡಿಗೆ ಬಂದು ಸಾವಿರ ವರ್ಷವಾಯಿತೆಂದು ಹಬ್ಬ ಮಾಡಿದರು. ಅದೇ ವರ್ಷ ನೆಲದಡಿಯ ರೈಲು ಬಿಟ್ಟರು, ಯುರೋಪಿನ ಮುಖ್ಯ ಭೂಭಾಗದಲ್ಲಿ ಮೊದಲನೆಯದು. ಕಾರಣ ಚೆನ್ನಾಗಿದೆ: ಆಂದ್ರಾಶಿ ಎಂಬ ಶ್ರೀಮಂತರ ರಸ್ತೆಯ ಮೇಲೆ ಟ್ರಾಮ್ ಓಡಿದರೆ ಅದರ ಅಂದ ಕೆಡುತ್ತದೆ ಅಂತ! ಆ ಹಳದಿ ರೈಲು ಈಗಲೂ ಓಡುತ್ತದೆ, ಸೇಚೆನಿ ಬಿಸಿನೀರಿನ ಸ್ನಾನಗೃಹದ ಹತ್ತಿರ ಇಳಿಸುತ್ತದೆ. ಅದು 1913ರ ಕಟ್ಟಡ. ಇನ್ನೂ ಹಳೆಯದು ಬೇಕೆಂದರೆ ಬುಡಾ ದಡದ ರುದಾಶ್ ಇದೆ. ತುರ್ಕರು ಬುಡಾವನ್ನು 1541ರಿಂದ 1686ರವರೆಗೆ ಆಳಿದರು, ಅವರು ಬಿಟ್ಟುಹೋದ ಎಂಟು ಮೂಲೆಯ ಕೊಳ, ಮೇಲೊಂದು ಗುಮ್ಮಟ. ಜುಲೈ ಸೆಕೆಯಲ್ಲಿ ಬಿಸಿನೀರಿನ ಸ್ನಾನ ಯಾಕೆ ಅಂತ ನನ್ನಾಕೆಯ ಪ್ರಶ್ನೆ. ನಾನು ಉತ್ತರ ಕೊಡಲಿಲ್ಲ, ಪಟ್ಟಿಯಲ್ಲಿ ಬರೆದುಕೊಂಡೆ.

ಊಟದ ವಿಷಯಕ್ಕೆ ಬಂದರೆ, ಆ ಊರು ನಿಂತಿರುವುದೇ ಮೆಣಸಿನಕಾಯಿಯ ಮೇಲೆ. ಅವರು ಅದಕ್ಕೆ ಪಾಪ್ರಿಕಾ ಅನ್ನುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಗಿಡ ಪೋರ್ಚುಗೀಸರ ಕೈಯಲ್ಲಿ ಗೋವಾಕ್ಕೆ ಬಂದು ನಮ್ಮ ಬ್ಯಾಡಗಿಯಾಯಿತು, ತುರ್ಕರ ಕೈಯಲ್ಲಿ ಹಂಗೇರಿಗೆ ಹೋಗಿ ಪಾಪ್ರಿಕಾ ಆಯಿತು. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಮ್ಮಿ. ಸೆಗೆದ್ ಊರಿನ ಪಾಪ್ರಿಕಾದಿಂದ ಸಿ ವಿಟಮಿನ್ ರಾಶಿ ರಾಶಿಯಾಗಿ ತೆಗೆದ ಆಲ್ಬರ್ಟ್ ಸೆಂಟ್ ಜ್ಯೋರ್ಜಿಗೆ 1937ರಲ್ಲಿ ನೊಬೆಲ್ ಬಂತು. ಬ್ಯಾಡಗಿಯವರಿಗೆ ಇನ್ನೂ ಬಂದಿಲ್ಲ :-) ಸಸ್ಯಾಹಾರಿಗಳಿಗೆ ಲಾಂಗೋಶ್ ಇದೆ, ನಮ್ಮ ಭಟೂರದ ಹಾಗೆ ಎಣ್ಣೆಯಲ್ಲಿ ಕರಿದ ಹಿಟ್ಟು, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ತರಕಾರಿಯನ್ನು ಗಟ್ಟಿಯಾಗಿ ಬೇಯಿಸಿದ ಫೋಜೆಲೇಕ್ ಇದೆ, ನಮ್ಮ ಕೂಟಿನ ದೂರದ ನೆಂಟ. ಬೇಸಿಗೆಯಲ್ಲಿ ಹುಳಿ ಚೆರ್ರಿಯ ತಣ್ಣನೆ ಸೂಪ್ ಇದೆ. ಆದರೆ ಹಂದಿಯ ಕೊಬ್ಬಿನಲ್ಲಿ ಒಗ್ಗರಣೆ ಹಾಕುವ ರೂಢಿ ಅಲ್ಲಿ ಹಳೆಯದು, ಕೇಳಿಯೇ ತಿನ್ನಬೇಕು.

ಇನ್ನು ಉಳಿದದ್ದು ರಾತ್ರಿ. ಅಳಿಯ ಕಳಿಸಿದ ಪಟ್ಟಿಯಲ್ಲಿ ಎಲ್ಲ ಒಂದೇ ಏರಿಯಾ. ಏಳನೇ ವಾರ್ಡು, ಕಾಜಿಂತ್ಸಿ ಬೀದಿಯ ಸಿಂಪ್ಲಾ ಕೆರ್ಟ್, ಗೋಜ್ದು ಅಂಗಳದ ಸಾಲು ಸಾಲು ಬಾರುಗಳು. ಇವಕ್ಕೆ 'ಪಾಳು ಬಾರು' ಅಂತಲೇ ಹೆಸರು. ಬಿದ್ದುಹೋಗುವಂತಿದ್ದ ಹಳೆಯ ಮನೆಯೊಳಗೆ ಮುರುಕು ಸೋಫಾ, ಸ್ನಾನದ ತೊಟ್ಟಿ ಕೊರೆದು ಮಾಡಿದ ಕುರ್ಚಿ, ಬಣ್ಣದ ದೀಪ. ಸಿಂಪ್ಲಾ ಶುರುವಾದದ್ದು 2002ರಲ್ಲಿ, ಕಾಜಿಂತ್ಸಿ ಬೀದಿಗೆ ಬಂದದ್ದು 2004ರಲ್ಲಿ. ಅಳಿಯ ಅದೇ ಬೀದಿಯಲ್ಲಿ ಒಂದು ಫ್ಲಾಟ್ ಕೂಡ ನೋಡಿಟ್ಟಿದ್ದ, ಕುಡಿದು ದೂರ ನಡೆಯುವುದು ಬೇಡ ಅಂತ.

ಮನೆ ಪಾಳು ಬಿದ್ದದ್ದು ಯಾಕೆ? ಊರ ನಟ್ಟನಡುವೆ, ಒಪೆರಾದಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಇಷ್ಟೊಂದು ಪಾಳು ಮನೆಗಳು ಹೇಗೆ ಉಳಿದವು? ಈ ಪ್ರಶ್ನೆ ಬಂದದ್ದೇ ನಾನು ಹಳೆಯ ನಕ್ಷೆಗಳ ಹಿಂದೆ ಬಿದ್ದೆ. ಅದರಲ್ಲಿ ಒಂದು 1944ರದ್ದು.

ಮೊದಲಿಂದ ಹೇಳುತ್ತೇನೆ. ಪೆಶ್ತ್ ಊರ ಗೋಡೆಯೊಳಗೆ ಯಹೂದಿಗಳಿಗೆ ಮನೆ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಗೋಡೆಯ ಹೊರಗೆ, ಸಂತೆಯ ಹತ್ತಿರ, ಕಿರಾಯ್ ಬೀದಿಯ ಸುತ್ತ ನೆಲೆಸಿದರು. 1859ರಲ್ಲಿ ದೊಹಾನಿ ಬೀದಿಯಲ್ಲಿ (ದೊಹಾನಿ ಅಂದರೆ ಹೊಗೆಸೊಪ್ಪು) ಯುರೋಪಿನಲ್ಲೇ ದೊಡ್ಡದಾದ ಸಿನಗಾಗ್ ಎದ್ದಿತು, ಸುಮಾರು ಮೂರು ಸಾವಿರ ಜನ ಕೂರಬಹುದು. 1867ರಲ್ಲಿ ಸಮಾನ ಹಕ್ಕು ಬಂತು. 1910ರ ಹೊತ್ತಿಗೆ ಆ ಊರಿನ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಯಹೂದಿಗಳು. ಡಾಕ್ಟರು, ವಕೀಲರು, ಪತ್ರಕರ್ತರು, ದರ್ಜಿಗಳು, ಕೂಲಿಗಳು, ಎಲ್ಲ ಬಗೆಯವರೂ. ನಮ್ಮ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಇದೇ ಬುಡಾಪೆಸ್ಟಿನಲ್ಲಿ, ಅವರ ತಾಯಿ ಯಹೂದಿ ಮೂಲದ ಗಾಯಕಿ.

ಹಂಗೇರಿ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜತೆಗಾರ. ಜತೆ ಬಿಡುವ ಲಕ್ಷಣ ಕಂಡಾಗ, 1944ರ ಮಾರ್ಚ್ 19ರಂದು ಜರ್ಮನ್ ಸೈನ್ಯ ಒಳಗೆ ಬಂತು. ಮೇ ಮಧ್ಯದಿಂದ ಜುಲೈ ಮೊದಲ ವಾರದವರೆಗೆ, ಎರಡು ತಿಂಗಳೂ ತುಂಬದ ಅವಧಿಯಲ್ಲಿ, ಹಳ್ಳಿ ಪಟ್ಟಣಗಳಿಂದ ಸುಮಾರು 4,37,000 ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದರು, ಹೆಚ್ಚಿನವರನ್ನು ಆಶ್ವಿಟ್ಜ್‌ಗೆ. ತುಂಬಿದವರು ಹಂಗೇರಿಯ ಪೊಲೀಸರೇ. ರಾಜಧಾನಿಯ ಸರದಿ ಬರುವ ಮುಂಚೆ ಅದು ನಿಂತಿತು. ಅಕ್ಟೋಬರ್ 15ರಂದು ಬಾಣಶಿಲುಬೆ ಪಕ್ಷದವರ ಕೈಗೆ ಅಧಿಕಾರ ಬಂತು. ಊರಿನ ಗೂಂಡಾಗಳ ಕೈಗೆ ಬಂದೂಕು ಬಂತು ಅಂದರೂ ನಡೆಯುತ್ತದೆ. ನದಿಯ ದಡದಲ್ಲಿ ಸಾಲಾಗಿ ನಿಲ್ಲಿಸಿ ಗುಂಡು ಹೊಡೆದು ಡ್ಯಾನ್ಯೂಬಿಗೆ ತಳ್ಳಿದರು. ಅದರ ನೆನಪಿಗೆ 2005ರಲ್ಲಿ ಪಾರ್ಲಿಮೆಂಟಿನ ಹತ್ತಿರ ದಡದ ಮೇಲೆ ಅರವತ್ತು ಜತೆ ಕಬ್ಬಿಣದ ಚಪ್ಪಲಿ, ಶೂಗಳನ್ನು ಇಟ್ಟರು. ಅದರಲ್ಲಿ ಮಕ್ಕಳವೂ ಇವೆ.

ಡಿಸೆಂಬರ್ 10ರಂದು ಏಳನೇ ವಾರ್ಡಿನ ಒಂದು ತುಂಡಿಗೆ ಹಲಗೆಯ ಬೇಲಿ ಹಾಕಿ ಮುಚ್ಚಿದರು. ನಾಲ್ಕು ಬಾಗಿಲು. ಚದರ ಕಿಲೋಮೀಟರಿನ ಮೂರನೇ ಒಂದು ಭಾಗವೂ ಇಲ್ಲದ ಜಾಗದಲ್ಲಿ ಸುಮಾರು 70,000 ಜನ. ಹೊರಗೆ ಸೋವಿಯತ್ ಸೈನ್ಯದ ಮುತ್ತಿಗೆ, ಒಳಗೆ ಹಸಿವು, ಚಳಿ. ಸತ್ತವರನ್ನು ಹೊರಗೆ ಒಯ್ಯುವಂತಿಲ್ಲ. ಕ್ಲೌಜಾಲ್ ಚೌಕದಲ್ಲಿ ಹೆಣಗಳನ್ನು ಪೇರಿಸಿಟ್ಟರು. ಸಿನಗಾಗಿನ ಅಂಗಳದಲ್ಲಿ ಹೂಳುವ ಪದ್ಧತಿ ಯಹೂದಿಗಳಲ್ಲಿ ಇಲ್ಲ. ಆದರೂ ದೊಹಾನಿ ಸಿನಗಾಗಿನ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಗೋರಿಗಳಿವೆ, ಬೇರೆ ದಾರಿಯೇ ಇರಲಿಲ್ಲ. 1945ರ ಜನವರಿ 18ಕ್ಕೆ ಸೋವಿಯತ್ ಸೈನ್ಯ ಬೇಲಿ ದಾಟಿ ಒಳಗೆ ಬಂತು. ನಲವತ್ತು ದಿನ ಅನ್ನಿ.

ಆ ನಕ್ಷೆಯ ಮೇಲೆ ಅಳಿಯನ ಪಟ್ಟಿಯನ್ನು ಇಟ್ಟು ನೋಡಿದೆ. ಸಿಂಪ್ಲಾ ಬೇಲಿಯ ಒಳಗೆ. ಗೋಜ್ದು ಬೇಲಿಯ ಒಳಗೆ. ಅವನು ನೋಡಿಟ್ಟಿದ್ದ ಫ್ಲಾಟೂ ಒಳಗೆ. ಯಾರ್ಯಾರು ಎಷ್ಟೆಷ್ಟು ಜನ ಆ ಕೋಣೆಯಲ್ಲಿ ಮಲಗಿದ್ದರೋ ಅಂತ ಒಂದು ಕ್ಷಣ ಅನ್ನಿಸಿ, ಬುಕಿಂಗ್ ಪುಟ ಮುಚ್ಚಿದೆ.

ಪಾಳು ಬಿದ್ದ ಕಥೆ ಅಲ್ಲಿಂದ ಮುಂದಿನದು. ಬದುಕಿ ಉಳಿದವರಲ್ಲಿ ಬಹಳ ಜನ ಆ ಮನೆಗಳನ್ನು ಬಿಟ್ಟರು, ಕೆಲವರು ದೇಶವನ್ನೇ ಬಿಟ್ಟರು. ಕಮ್ಯುನಿಸ್ಟ್ ಸರಕಾರ ಬಾಡಿಗೆ ಮನೆಗಳನ್ನು ರಾಷ್ಟ್ರೀಕರಿಸಿತು, ದೊಡ್ಡ ಫ್ಲಾಟುಗಳನ್ನು ತುಂಡು ಮಾಡಿ ಹಂಚಿತು. ಇದರ ಜತೆಗೆ ಯುದ್ಧಕ್ಕೂ ಮುಂಚಿನ ಒಂದು ಯೋಜನೆ ಇತ್ತು, ಈ ಏರಿಯಾ ಸೀಳಿ ದೊಡ್ಡ ರಸ್ತೆ ಮಾಡುವುದು. ಮಾದಾಚ್ ಚೌಕದಲ್ಲಿ ಅದರ ಹೆಬ್ಬಾಗಿಲಿನಂಥ ಕಮಾನು ಮಾತ್ರ ಎದ್ದಿತು, ರಸ್ತೆ ಆಗಲೇ ಇಲ್ಲ. ನಾಳೆ ಒಡೆಯುವ ಮನೆಗೆ ಇವತ್ತು ಸುಣ್ಣ ಯಾರು ಬಳಿಯುತ್ತಾರೆ? (ನಮ್ಮ ಊರಲ್ಲೂ ರಸ್ತೆ ಅಗಲೀಕರಣದ ಗುರುತು ಬಿದ್ದ ಮನೆಗಳನ್ನು ನೋಡಿದ್ದೇನಲ್ಲ.) 1989ರ ನಂತರ ಮನೆಗಳು ಮಾರಾಟವಾದವು, ಕೆಲವು ಖಾಲಿ ಬಿದ್ದವು, ಕೆಲವನ್ನು ಕೆಡವಿದರು. ಒಡೆಯುವವರೆಗೆ ಕಡಿಮೆ ಬಾಡಿಗೆಗೆ ಕೊಡಿ ಅಂತ ಹುಡುಗರು ಬಂದು ಅಂಗಳದಲ್ಲಿ ಬಿಯರ್ ಮಾರಿದರು. ಹೀಗೆ ಹುಟ್ಟಿತು ಪಾಳು ಬಾರು. ಕೆಡವುವವರ ಕೈಯಿಂದ ಕೆಲವು ಕಟ್ಟಡ ಉಳಿದದ್ದೂ ಈ ಬಾರುಗಳಿಂದಲೇ, ಅದನ್ನೂ ಹೇಳಬೇಕು. ಕಿರಾಯ್ ಬೀದಿಯ ಒಂದು ಅಂಗಳದಲ್ಲಿ ಘೆಟ್ಟೋದ ಕಲ್ಲುಗೋಡೆಯ ತುಂಡೊಂದು ಉಳಿದಿತ್ತು. 2006ರಲ್ಲಿ ಅದನ್ನು ಕೆಡವಿದರು, ಕಟ್ಟಡದ ಕೆಲಸಕ್ಕೆ. ಗಲಾಟೆಯಾದ ಮೇಲೆ 2010ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದರು.

ಅಲ್ಲಿ ಈಗಲೂ ಜನ ಇದ್ದಾರೆ, ನಾನು ಮರೆತದ್ದು ಅದನ್ನೇ. ಸಿಂಪ್ಲಾ ಇರುವ ಬೀದಿಯಲ್ಲೇ 1913ರ ಸನಾತನಿಗಳ ಸಿನಗಾಗ್ ಇದೆ, ಪ್ರಾರ್ಥನೆ ನಡೆಯುತ್ತದೆ. ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಸಬ್ಬತ್ ಶುರು. ಪ್ರವಾಸಿಗಳ ಹಿಂಡು ಬೀದಿಗೆ ಇಳಿಯುವುದೂ ಶುಕ್ರವಾರವೇ. ಮಿಕ್ಕ ನಿವಾಸಿಗಳಿಗೆ ನಿದ್ದೆಯದೇ ಚಿಂತೆ. ಮಧ್ಯರಾತ್ರಿಗೆ ಬಾರು ಮುಚ್ಚಬೇಕೋ ಬೇಡವೋ ಅಂತ 2018ರ ಫೆಬ್ರವರಿಯಲ್ಲಿ ಆ ವಾರ್ಡಿನಲ್ಲಿ ಮತದಾನವೇ ನಡೆಯಿತು. ಓಟು ಹಾಕಲು ಬಂದವರು ಕಡಿಮೆ, ಫಲಿತಾಂಶ ಅಸಿಂಧು.

ಇದನ್ನೆಲ್ಲ ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಾಗಾದ್ರೆ ಅಲ್ಲಿ ಕುಡಿಯೋದು ತಪ್ಪಾ ಮಾಮ?" ಅಂದ. ನನಗೆ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಸತ್ತವರ ಬೀದಿಯಲ್ಲಿ ಹುಡುಗರು ನಗುವುದೇ ಬೇಡ ಅಂದರೆ ಯುರೋಪಿನಲ್ಲಿ ನಗಲು ಬೀದಿಯೇ ಸಿಗಲಿಕ್ಕಿಲ್ಲ. ಆದರೆ ಗೊತ್ತಿಲ್ಲದೆ ಹೋಗುವುದಕ್ಕೂ ಗೊತ್ತಿದ್ದು ಹೋಗುವುದಕ್ಕೂ ವ್ಯತ್ಯಾಸ ಇದೆ ಅಂತಷ್ಟೇ ಅಂದೆ. ನನ್ನಾಕೆ ಫೋನು ಕಿತ್ತುಕೊಂಡು "ಪುಟ್ಟಾ, ಹೋಗೋಣ ಕಣೋ, ಆದ್ರೆ ಮಲಗೋದು ಬೇರೆ ಕಡೆ. ಜನರ ಮನೆ ಮುಂದೆ ಕಿರುಚಬೇಡ" ಅಂದಳು. "ಆಯ್ತು ಅತ್ತೆ" ಅಂದ. ಅಲ್ಲಿಗೆ ತೀರ್ಮಾನವಾಯಿತು.

ಈಗಿನ ಪ್ಲಾನ್ ಹೀಗಿದೆ. ಫ್ಲಾಟು ಬುಡಾ ದಡದಲ್ಲಿ, ರುದಾಶ್ ಹತ್ತಿರ. ದೊಹಾನಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಆದ್ದರಿಂದ ಶುಕ್ರವಾರ ಊರಿಗೆ ಇಳಿದ ತಕ್ಷಣ ಅಲ್ಲಿಗೆ. ಅದರ ಹಿಂದಿನ ಅಂಗಳದಲ್ಲಿ ಇಮ್ರೆ ವರ್ಗಾ ಮಾಡಿದ ಲೋಹದ ಮರ ಇದೆ, ಎಲೆಯ ಮೇಲೆ ಸತ್ತವರ ಹೆಸರು. ಶುಕ್ರವಾರ ರಾತ್ರಿ ಆ ಏರಿಯಾ ಬೇಡ, ನದಿಯ ಪಕ್ಕ ಕೂರೋಣ; ಜುಲೈನಲ್ಲಿ ಎಂಟೂವರೆ ದಾಟಿದ ಮೇಲೆ ಸೂರ್ಯ ಮುಳುಗುವುದು. ಶನಿವಾರ ಹಗಲು ಪಾರ್ಲಿಮೆಂಟು, ದಡದ ಚಪ್ಪಲಿಗಳು, ಹಳದಿ ರೈಲು, ಸ್ನಾನ. ಶನಿವಾರ ರಾತ್ರಿ ಅಳಿಯನದು, ಕರಾರಿನ ಪ್ರಕಾರ. ಹನ್ನೆರಡರ ಒಳಗೆ ಹೊರಡುವುದು ಅಂತ ನಾನು ಬರೆದಿದ್ದೆ, ಅವನು ಅದನ್ನು ತಿದ್ದಿ ಒಂದು ಗಂಟೆ ಮಾಡಿದ್ದಾನೆ. ಭಾನುವಾರ ಬೆಳಗ್ಗೆ ಫ್ಲೋದ್ನಿ ತಿನ್ನಬೇಕು: ಗಸಗಸೆ, ಸೇಬು, ಅಕ್ರೋಟು ಪದರ ಪದರವಾಗಿಟ್ಟ ಯಹೂದಿಗಳ ಕೇಕು. ಗಸಗಸೆ ಅಂದದ್ದಕ್ಕೆ ನನ್ನಾಕೆ ಮೊದಲ ಸಲ ಪಟ್ಟಿಯನ್ನು ಪೂರ್ತಿ ಓದಿದಳು.

ಹಂದಿಕೊಬ್ಬು ಹಾಕದ ಫೋಜೆಲೇಕ್ ಎಲ್ಲಿ ಸಿಗುತ್ತದೆ ಅಂತ ನಿಮಗ್ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಟಿಕೆಟ್ ಬುಕ್ ಆಗಿದೆ.