ಮಾರ್ಟಿನ್ ಕೋರ್ಟೆಸ್: ವಾಹಾಕ ಕಣಿವೆಯ ಎರಡನೇ ಮಾರ್ಕ್ವಿಸ್

ಮೆಕ್ಸಿಕೋವನ್ನು ಗೆದ್ದ ಹೆರ್ನಾನ್ ಕೋರ್ಟೆಸ್‌ನಿಗೆ ಸ್ಪೇನಿನ ದೊರೆ ಐದನೇ ಚಾರ್ಲ್ಸ್ 1529ರಲ್ಲಿ ‘ವಾಹಾಕ ಕಣಿವೆಯ ಮಾರ್ಕ್ವಿಸ್’ ಎಂಬ ವಂಶಪಾರಂಪರ್ಯ ಪದವಿಯನ್ನೂ 22 ಊರುಗಳು ಹಾಗೂ 23,000 ಪ್ರಜೆಗಳ ಮೇಲಣ ಅಧಿಕಾರವನ್ನೂ ನೀಡಿದನು. 1547ರಲ್ಲಿ ತಂದೆ ತೀರಿಕೊಂಡಾಗ ಇವೆಲ್ಲವೂ ಮಾರ್ಟಿನ್‌ನಿಗೆ ಬಂದವು. ಅದೇ ಹೆಸರಿನ ಅಣ್ಣನೊಬ್ಬ ಅವನಿಗಿದ್ದನು. ದುಭಾಷಿಯಾಗಿದ್ದ ಮಲಿಂಟ್ಸಿನ್ ಎಂಬ ಸ್ಥಳೀಯ ಮಹಿಳೆ ಅವನ ತಾಯಿ. ಪೋಪ್ ಅವನನ್ನು ಸಕ್ರಮ ಸಂತಾನವೆಂದು ಮಾನ್ಯ ಮಾಡಿದ್ದರೂ ಪದವಿ ದಕ್ಕಿದ್ದು ವಿವಾಹಿತ ಪತ್ನಿಯ ಮಗನಾದ ತಮ್ಮನಿಗೆ.

ಮಾರ್ಕ್ವಿಸ್ 1563ರಲ್ಲಿ ಮೆಕ್ಸಿಕೋಗೆ ಮರಳಿದನು. ಸ್ಥಳೀಯರಿಂದ ಕಪ್ಪ ಪಡೆಯುವ ಹಕ್ಕನ್ನು ತಲೆಮಾರುಗಳಿಗೆ ಮುಂದುವರಿಸಲು ಸ್ಪೇನ್ ಪ್ರಭುತ್ವ ಒಪ್ಪದ ಕಾರಣ ವಸಾಹತುಗಾರರು ಕುದಿಯುತ್ತಿದ್ದರು. ಅವನನ್ನೇ ಅರಸನನ್ನಾಗಿಸುವ ಸಂಚು ನಡೆದಿದೆಯೆಂಬ ಆರೋಪದ ಮೇಲೆ 1566ರ ಆಗಸ್ಟ್ 3ರಂದು ಆವಿಲಾ ಸಹೋದರರಿಬ್ಬರ ಶಿರಚ್ಛೇದವಾಯಿತು. ಮಾರ್ಕ್ವಿಸ್‌ನನ್ನು 1567ರಲ್ಲಿ ವಿಚಾರಣೆಗಾಗಿ ಸ್ಪೇನಿಗೆ ಕಳುಹಿಸಲಾಯಿತು. ಮೆಕ್ಸಿಕೋದಲ್ಲೇ ಉಳಿದ ಅಣ್ಣನು 1568ರಲ್ಲಿ ಘೋರ ಚಿತ್ರಹಿಂಸೆಗೆ ಒಳಗಾದರೂ ಯಾರ ಮೇಲೂ ದೋಷ ಹೊರಿಸಲಿಲ್ಲ. ಪದವಿ ಒಬ್ಬನದು, ಅದರ ಶಿಕ್ಷೆ ಇನ್ನೊಬ್ಬನದು ಎಂಬಂತಾಯಿತು.

ಜಪ್ತಿಯಾದ ಆಸ್ತಿ ಮುಂದೆ ಮರಳಿ ದೊರೆತರೂ ಮಾರ್ಕ್ವಿಸ್ ಮತ್ತೆ ಮೆಕ್ಸಿಕೋವನ್ನು ಕಾಣದೆ 1589ರಲ್ಲಿ ನಿಧನ ಹೊಂದಿದನು. 1629ರಲ್ಲಿ ನಾಲ್ಕನೇ ಮಾರ್ಕ್ವಿಸ್ ಪೆದ್ರೊ ತೀರಿಕೊಳ್ಳುವುದರೊಂದಿಗೆ ಗಂಡು ಸಂತತಿ ಮುಗಿದು, ಪದವಿಯು ಹೆಣ್ಣಿನ ಕಡೆಯಿಂದ ಸಿಸಿಲಿಯ ಡ್ಯೂಕ್ ಮನೆತನವನ್ನು ಸೇರಿತು.