ಗರ್ಭನಿರೋಧಕ ಮಾತ್ರೆ ಮತ್ತು ಪರದೇಶದ ಹೆಣ್ಣು: ಒಂದು ಸಮೀಕ್ಷೆ

ಗರ್ಭನಿರೋಧಕ ಮಾತ್ರೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1960ರ ಅಮೆರಿಕದಿಂದ ಹೊರಟು 2023ರ ಅಮೆರಿಕಕ್ಕೇ ಬಂದು ಸೇರುತ್ತಾರೆ. ಮೊದಲ ವರ್ಷ ಅಲ್ಲಿ ‘ಎನೊವಿಡ್’ಗೆ ಒಪ್ಪಿಗೆ ಸಿಕ್ಕಿತು, ಕೊನೆಯ ವರ್ಷ ‘ಓಪಿಲ್’ ಎಂಬ ಮಾತ್ರೆಯನ್ನು ಡಾಕ್ಟರ ಚೀಟಿಯಿಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಈ ಕಥೆಯಲ್ಲಿ ಬರುವ ಹೆಣ್ಣು ಯಾವಾಗಲೂ ತನ್ನ ದೇಶದಲ್ಲೇ ಇರುತ್ತಾಳೆ. ಅವಳಿಗೊಬ್ಬ ಪರಿಚಯದ ಡಾಕ್ಟರು, ಒಂದು ವಿಮೆ, ತನ್ನ ಭಾಷೆಯಲ್ಲೇ ಮಾತಾಡುವ ಔಷಧದಂಗಡಿಯವನು ಇರುತ್ತಾರೆ. ಗಂಡನ ಕೆಲಸದ ಬೆನ್ನಿಗೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದವಳು, ಕೊಲ್ಲಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಮಂಗಳೂರಿನ ನರ್ಸು, ಜರ್ಮನಿಯಲ್ಲಿ ಎಂ.ಎಸ್. ಓದುವ ಹುಬ್ಬಳ್ಳಿಯ ಹುಡುಗಿ ಇವರ್‍ಯಾರೂ ಅದರಲ್ಲಿಲ್ಲ. ಊರಿಂದ ತಂದ ಮಾತ್ರೆ ಮುಗಿದ ದಿನ ಇವರೇನು ಮಾಡುತ್ತಾರೆ ಎಂದು ಕೇಳಿದವರೂ ಕಡಿಮೆ.

ಇದರ ಜೊತೆಗೆ, ದೇಶ ಮುಂದುವರಿದಷ್ಟೂ ಮಾತ್ರೆ ಸಿಗುವುದು ಸುಲಭ ಎಂಬ ನಂಬಿಕೆಯೊಂದು ಓದಿದವರಲ್ಲೇ ಹೆಚ್ಚಾಗಿ ಬೇರೂರಿದೆ. ಕುಟುಂಬ ಯೋಜನೆ ವಿಭಾಗಗಳಲ್ಲಿ ವೃತ್ತಿಜೀವನ ಕಳೆದ ನನಗೆ ಈ ಮಾತು ಕೇಳಿದಾಗಲೆಲ್ಲ ಜಪಾನ್ ನೆನಪಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾತ್ರೆಯ ಚರಿತ್ರೆಯ ಮೊದಲ ಘಟ್ಟವನ್ನು, ಅದರ ಹುಟ್ಟನ್ನು, ಬೇಗ ದಾಟಿಬಿಡಬಹುದು, ಅದನ್ನು ಬರೆದವರು ಬೇಕಾದಷ್ಟಿದ್ದಾರೆ. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ ನಾರ್‌ಎಥಿಸ್ಟರೋನ್ ತಯಾರಾಯಿತು. ಆ ತಂಡದ ಕಾರ್ಲ್ ಜೆರಾಸಿ ಸ್ವತಃ ವಿಯೆನ್ನಾದಿಂದ ದೇಶ ಬಿಟ್ಟು ಬಂದವರು. 1956ರಲ್ಲಿ ಪ್ಯೂರ್ಟೊರಿಕೋದ ಬಡ ಹೆಂಗಸರ ಮೇಲೆ ಪ್ರಯೋಗ ನಡೆಯಿತು. ಅಮೆರಿಕದ ಮುಖ್ಯನೆಲದಲ್ಲಿ ನಡೆಸಲು ಕಾನೂನಿನ ತೊಡಕಿದ್ದುದನ್ನು ಕಡಲಾಚೆಯ ದ್ವೀಪದಲ್ಲಿ ನಡೆಸಿದರು. ಅಂದರೆ ಮಾತ್ರೆ ಹುಟ್ಟಿದ್ದೇ ಗಡಿಗಳ ನಡುವೆ. ಮೊದಲ ಎನೊವಿಡ್‌ನಲ್ಲಿ 150 ಮೈಕ್ರೋಗ್ರಾಮ್ ಈಸ್ಟ್ರೋಜನ್ ಇತ್ತು. ಇಂದಿನ ಮಾತ್ರೆಗಳಲ್ಲಿ ಇರುವುದು ಬಹುಮಟ್ಟಿಗೆ 20ರಿಂದ 35. ನಮ್ಮವರು ಹೆಮ್ಮೆಪಡಬಹುದಾದ ಸಂಗತಿಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: ಸರ್ಕಾರವೇ ಮುಂದೆ ನಿಂತು ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದದ್ದು ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಆಗ ಅಮೆರಿಕದ ಹಲವು ರಾಜ್ಯಗಳಲ್ಲಿ ಈ ವಿಷಯದ ಕರಪತ್ರ ಹಂಚುವುದೂ ಅಪರಾಧವಾಗಿತ್ತು.

ಮಾತ್ರೆ ಗಡಿಯಲ್ಲಿ ಸಿಕ್ಕಿಕೊಂಡ ಎರಡನೆಯ ಘಟ್ಟಕ್ಕೆ ಐರ್ಲೆಂಡಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅಲ್ಲಿ ಮಾತ್ರೆಯನ್ನು ಗರ್ಭನಿರೋಧಕವೆಂದು ಮಾರುವಂತಿರಲಿಲ್ಲ. ‘ಮುಟ್ಟು ಸರಿಪಡಿಸುವ ಔಷಧ’ವೆಂದು ಬರೆದುಕೊಡುತ್ತಿದ್ದರು. 1971ರ ಮೇ ತಿಂಗಳಲ್ಲಿ ಡಬ್ಲಿನ್ನಿನ ಸ್ತ್ರೀವಾದಿಗಳು ರೈಲು ಹತ್ತಿ ಬೆಲ್‌ಫಾಸ್ಟಿಗೆ ಹೋದರು. ಅಲ್ಲಿ ಬ್ರಿಟಿಷ್ ಕಾನೂನು. ಆದರೆ ಮಾತ್ರೆಗೆ ಅಲ್ಲೂ ಡಾಕ್ಟರ ಚೀಟಿ ಬೇಕಿತ್ತು. ಹೆಂಗಸರು ಆಸ್ಪಿರಿನ್ ಕೊಂಡು, ವಾಪಸು ಡಬ್ಲಿನ್ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗಳ ಕಣ್ಣೆದುರಿಗೇ ಅದನ್ನು ಗರ್ಭನಿರೋಧಕ ಮಾತ್ರೆಯೆಂದು ತೋರಿಸಿ ನುಂಗಿದರು. ಅಧಿಕಾರಿಗಳು ಸುಮ್ಮನೆ ದಾರಿ ಬಿಟ್ಟರು. ಎರಡು ವರ್ಷಗಳ ಮೇಲೆ ಮೆಗೀ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತು. ಮತ್ತೊಮ್ಮೆ ಬಸಿರಾದರೆ ಜೀವಕ್ಕೇ ಅಪಾಯವಿದ್ದ, ನಾಲ್ಕು ಮಕ್ಕಳ ತಾಯಿಯೊಬ್ಬಳು ಇಂಗ್ಲೆಂಡಿನಿಂದ ತರಿಸಿಕೊಂಡ ಗರ್ಭನಿರೋಧಕದ ಪೊಟ್ಟಣವನ್ನು ಕಸ್ಟಮ್ಸ್ ತಡೆಹಿಡಿದಿತ್ತು. ದಂಪತಿಗಳ ಖಾಸಗಿತನದ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಮೂಲ ದಾಖಲೆ ಇದು; ಗಡಿಯಲ್ಲಿ ನಿಂತ ಪೊಟ್ಟಣ ಯಾರದ್ದು ಎಂಬ ಪ್ರಶ್ನೆಯನ್ನು ಮೊದಲ ಸಲ ನೇರವಾಗಿ ಎತ್ತಿದ ತೀರ್ಪು. 2012ರಲ್ಲಿ ಗಾಲ್ವೇಯಲ್ಲಿ ತೀರಿಕೊಂಡ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಪ್ರಕರಣ ಗರ್ಭಪಾತದ ಕಾನೂನಿಗೆ ಸೇರಿದ್ದು, ಮಾತ್ರೆಗಲ್ಲ. ಹೋದ ದೇಶದ ಕಾನೂನು ಹೋದವಳ ಮೈಮೇಲೂ ನಡೆಯುತ್ತದೆ ಎಂಬುದು ಮಾತ್ರ ಕನ್ನಡಿಗರಿಗೆ ಮನದಟ್ಟಾದದ್ದು ಆಗಲೇ.

ಇನ್ನು ಜಪಾನ್. ಗರ್ಭ ತಡೆಯುವುದಕ್ಕೆಂದು ಕಡಿಮೆ ಪ್ರಮಾಣದ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರ ಜೂನ್‌ನಲ್ಲಿ. ಅಮೆರಿಕಕ್ಕಿಂತ ಸುಮಾರು ನಲವತ್ತು ವರ್ಷ ತಡ. ಏಡ್ಸ್ ಹಬ್ಬೀತು ಎಂದು ಒಮ್ಮೆ, ಪರಿಸರ ಕೆಟ್ಟೀತು ಎಂದು ಇನ್ನೊಮ್ಮೆ ಕಡತ ಮುಂದಕ್ಕೆ ಹೋಯಿತು. ವಯಾಗ್ರಕ್ಕೆ ಮಾತ್ರ ಅರ್ಜಿ ಹಾಕಿದ ಆರೇ ತಿಂಗಳಿಗೆ, ಅದೇ ವರ್ಷದ ಜನವರಿಯಲ್ಲಿ, ಒಪ್ಪಿಗೆ ಬಂದಾಗ ಹೆಂಗಸರು ಸಿಟ್ಟಾದರು. ಆ ನಾಚಿಕೆಯೇ ಮಾತ್ರೆಯ ಕಡತವನ್ನು ತಳ್ಳಿತು ಎನ್ನುವವರಿದ್ದಾರೆ. ತುರ್ತು ಗರ್ಭನಿರೋಧಕ ಅಲ್ಲಿಗೆ ಬಂದದ್ದು 2011ರಲ್ಲಿ. ಚೀಟಿಯಿಲ್ಲದೆ ಅದನ್ನು ಆಯ್ದ ಔಷಧಾಲಯಗಳಲ್ಲಿ ಮಾರುವ ಪ್ರಯೋಗ ಶುರುವಾದದ್ದು 2023ರಲ್ಲಿ. ಟೋಕಿಯೋಗೆ ಕೆಲಸಕ್ಕೆ ಹೋದ ನಮ್ಮ ಹುಡುಗಿಗೆ ಇದರ ಅರ್ಥ ಇಷ್ಟು: ಗರ್ಭ ತಡೆಯಲೆಂದು ತೆಗೆದುಕೊಳ್ಳುವ ಮಾತ್ರೆಗೆ ರಾಷ್ಟ್ರೀಯ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಡಾಕ್ಟರ ಚೀಟಿ ಬೇಕೇ ಬೇಕು, ತಿಂಗಳಿಗೆ ಎರಡು ಮೂರು ಸಾವಿರ ಯೆನ್ ಕೈಯಿಂದ ಹಾಕಬೇಕು. ಊರಿಂದ ಒಯ್ಯುವುದಾದರೆ ಒಂದು ತಿಂಗಳಿಗಾಗುವಷ್ಟಕ್ಕೆ ತಕರಾರಿಲ್ಲ, ಹೆಚ್ಚಿದ್ದರೆ ಮುಂಚಿತವಾಗಿ ಆಮದಿನ ದೃಢೀಕರಣ ಪತ್ರ ತರಿಸಿಕೊಂಡಿರಬೇಕು. ಸಣ್ಣದೊಂದು ಕಡಲು ದಾಟಿದರೆ ದಕ್ಷಿಣ ಕೊರಿಯಾ. ಅಲ್ಲಿ ದಿನದ ಮಾತ್ರೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ತುರ್ತು ಮಾತ್ರೆಗೆ ಚೀಟಿ ಬೇಕು. 2012ರಲ್ಲಿ ಇದನ್ನು ಅದಲುಬದಲು ಮಾಡಲು ಹೊರಟ ಅಲ್ಲಿನ ಔಷಧ ಆಡಳಿತ ವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ಎರಡೂ ಶ್ರೀಮಂತ ದೇಶಗಳು, ಎರಡಕ್ಕೂ ಒಳ್ಳೆಯ ಆಸ್ಪತ್ರೆಗಳಿವೆ. ಮುಂದುವರಿದ ದೇಶ ಎಂಬ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಮ್ಮ ತಲೆಮಾರಿನ ಕೆಲಸ ಶುರುವಾದದ್ದು 1990ರ ದಶಕದಲ್ಲಿ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಯಾವ ಹೆಂಗಸು ಯಾವ ಗರ್ಭನಿರೋಧಕ ಬಳಸಬಹುದು ಎಂಬುದನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ ಪ್ರಕಟಿಸಿತು. ಅಲ್ಲಿಯವರೆಗೆ ನಾವು ಮಾತ್ರೆ ಬರೆಯುವ ಮುನ್ನ ಒಳಪರೀಕ್ಷೆ, ಸ್ತನಪರೀಕ್ಷೆ, ರಕ್ತಪರೀಕ್ಷೆ ಎಲ್ಲ ಮಾಡಿಸುತ್ತಿದ್ದೆವು. ನಿಜವಾಗಿ ಮುಖ್ಯವಾದವು ಕೆಲವೇ ಪ್ರಶ್ನೆಗಳು ಎಂದು ಆ ಕೋಷ್ಟಕ ತೋರಿಸಿತು: ರಕ್ತದೊತ್ತಡ ಎಷ್ಟು, ವಯಸ್ಸು ಮೂವತ್ತೈದು ದಾಟಿ ಸಿಗರೇಟು ಸೇದುವಿರಾ, ಕಣ್ಣ ಮುಂದೆ ಮಿಂಚು ಕಾಣಿಸುವಂಥ ಅರೆತಲೆನೋವಿದೆಯೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೆ, ಬಾಣಂತಿಯೆ. ಇವಕ್ಕೆ ಉತ್ತರ ಹೇಳಲು ಹೆಂಗಸಿಗೇ ಬರುತ್ತದೆ. ರಕ್ತದೊತ್ತಡ ನೋಡಲು ಮಾತ್ರ ಒಂದು ಯಂತ್ರ ಬೇಕು. ಹಾಗಿದ್ದರೆ ಚೀಟಿ ಯಾಕೆ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಹಿರಿಯ ಸಹೋದ್ಯೋಗಿಗಳು ಅದನ್ನು ಇಷ್ಟಪಡಲಿಲ್ಲ. ವೃತ್ತಿಗೆ ಚೀಟಿ ಎಷ್ಟು ಪ್ರಿಯವೆಂದು ಅವರನ್ನು ನೋಡಿಯೇ ಕಲಿತೆ.

ಈ ಪ್ರಶ್ನೆಗೆ ಉತ್ತರ ಕೊಟ್ಟವರು ವಲಸಿಗ ಹೆಂಗಸರು, ಅದೂ ತಮಗೆ ಗೊತ್ತಿಲ್ಲದೆಯೇ. ಟೆಕ್ಸಾಸಿನ ಎಲ್ ಪಾಸೊ ಊರಿಗೂ ಮೆಕ್ಸಿಕೋದ ಹುವಾರೆಸ್ ಊರಿಗೂ ನಡುವೆ ಒಂದು ಹೊಳೆ, ಅದರ ಮೇಲೆ ಸೇತುವೆಗಳು. ಎಲ್ ಪಾಸೊದಲ್ಲಿ ಮಾತ್ರೆಗೆ ಕ್ಲಿನಿಕ್ಕು, ಚೀಟಿ; ಹುವಾರೆಸಿನಲ್ಲಿ ಅಂಗಡಿಗೆ ಹೋಗಿ ಕೇಳಿದರೆ ಸಾಕು. ಮೆಕ್ಸಿಕನ್ ಮೂಲದ ಅನೇಕ ಹೆಂಗಸರು ಎಲ್ ಪಾಸೊದಲ್ಲಿ ಮನೆ ಮಾಡಿಕೊಂಡು ಸೇತುವೆ ದಾಟಿ ಮಾತ್ರೆ ತರುತ್ತಿದ್ದರು. ಸಂಶೋಧಕರಾದ ಜೋಸೆಫ್ ಪಾಟರ್, ಡೇನಿಯಲ್ ಗ್ರಾಸ್‌ಮನ್ ಮತ್ತು ಸಂಗಡಿಗರು 2006ರಿಂದ ಇಂಥ ಸುಮಾರು ಒಂದು ಸಾವಿರ ಹೆಂಗಸರನ್ನು, ಅರ್ಧ ಕ್ಲಿನಿಕ್ಕಿನಿಂದ, ಅರ್ಧ ಅಂಗಡಿಯಿಂದ ಮಾತ್ರೆ ಪಡೆಯುವವರನ್ನು, ತಿಂಗಳುಗಟ್ಟಲೆ ಹಿಂಬಾಲಿಸಿದರು. ಪ್ರಕೃತಿಯೇ ಹೂಡಿಕೊಟ್ಟಂಥ ಪ್ರಯೋಗ ಅದು. ಮಧ್ಯದಲ್ಲಿ ಮಾತ್ರೆ ಬಿಟ್ಟವರು ಕ್ಲಿನಿಕ್ಕಿನ ಗುಂಪಿನಲ್ಲೇ ಹೆಚ್ಚು. ಒಂದೇ ಸಲಕ್ಕೆ ಹೆಚ್ಚು ತಿಂಗಳ ಮಾತ್ರೆ ಕೈಗೆ ಸಿಕ್ಕಿದ ಕ್ಲಿನಿಕ್ಕಿನವರು ಮಾತ್ರ ಅಷ್ಟಾಗಿ ಬಿಡಲಿಲ್ಲ. ಅಂದರೆ ತೊಂದರೆ ಇದ್ದದ್ದು ಹೆಂಗಸಿನ ಮರೆವಿನಲ್ಲಲ್ಲ, ಮತ್ತೆ ಮತ್ತೆ ಕ್ಲಿನಿಕ್ಕಿಗೆ ಅಲೆಯುವುದರಲ್ಲಿ. ಈ ತಂಡ ಇನ್ನೊಂದನ್ನೂ ಮುಚ್ಚಿಡಲಿಲ್ಲ. ಮಾತ್ರೆ ಬಳಸಬಾರದಂಥ ಕಾರಣ, ಮುಖ್ಯವಾಗಿ ರಕ್ತದೊತ್ತಡ, ಇದ್ದವರು ಅಂಗಡಿಯ ಗುಂಪಿನಲ್ಲಿ ತುಸು ಹೆಚ್ಚಿದ್ದರು. ಈಸ್ಟ್ರೋಜನ್ ಇಲ್ಲದ, ಬರೀ ಪ್ರೊಜೆಸ್ಟಿನ್ ಇರುವ ಮಾತ್ರೆಯನ್ನೇ ಮೊದಲು ಚೀಟಿಯಿಂದ ಬಿಡಿಸಬೇಕೆಂಬ ವಾದ ಬಲಗೊಂಡದ್ದು ಇಂಥ ಮಾಹಿತಿಯಿಂದ. ಓಪಿಲ್ ಅಂಥದ್ದೇ ಮಾತ್ರೆ. 2023ರ ಮೇನಲ್ಲಿ ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿಯ 17 ಸದಸ್ಯರೂ ಒಮ್ಮತದಿಂದ ಅದರ ಪರ ಮತ ಹಾಕಿದರು. ಪತ್ರಿಕೆಗಳು ಕಂಪನಿಯನ್ನು ಹೊಗಳಿದವು. ಹುವಾರೆಸಿನ ಸೇತುವೆ ದಾಟಿದ ಹೆಂಗಸರ ಹೆಸರು ಎಲ್ಲೂ ಬರಲಿಲ್ಲ. ಕಾಗದಪತ್ರವಿಲ್ಲದೆ ಆ ಸೇತುವೆಯನ್ನು ದಾಟಲೇ ಆಗದವರ ಮಾತಂತೂ ದೂರ.

ಇದೇ ಸಂಶೋಧಕರ ಬಳಗದವರು 2013ರಲ್ಲಿ 147 ದೇಶಗಳ ಪರಿಸ್ಥಿತಿಯನ್ನು ಒಂದೆಡೆ ತಂದರು. ಚೀಟಿ ನಿಜವಾಗಿಯೂ ಬೇಕಾದದ್ದು 45 ದೇಶಗಳಲ್ಲಿ ಮಾತ್ರ. 56 ದೇಶಗಳಲ್ಲಿ ಕಾನೂನಿನ ಪುಸ್ತಕದಲ್ಲಿ ಚೀಟಿ ಬೇಕು, ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಪರದೇಶಕ್ಕೆ ಹೊಸದಾಗಿ ಹೋದವಳಿಗೆ ಕಷ್ಟ ಕೊಡುವುದು ಈ 56ರ ಗುಂಪು. ಇಲ್ಲಿ ಸಿಗುತ್ತದೆ ಎಂದು ಸ್ಥಳೀಯಳಿಗೆ ಗೊತ್ತು, ಇವಳಿಗೆ ಗೊತ್ತಿಲ್ಲ. ಬ್ರಿಟನ್ನಿನದು ಬೇರೆ ದಾರಿ. ಅಲ್ಲಿ ಹೊರದೇಶದವರಿಂದ ಆಸ್ಪತ್ರೆ ಶುಲ್ಕ ವಸೂಲು ಮಾಡುವ ನಿಯಮದಿಂದ ಕುಟುಂಬ ಯೋಜನೆಯ ಸೇವೆಯನ್ನು ಹೊರಗಿಟ್ಟಿದ್ದಾರೆ. 2021ರಿಂದ ಒಂದು ಬಗೆಯ ಮಾತ್ರೆಯನ್ನು ಔಷಧಾಲಯದಲ್ಲೇ ಕೊಳ್ಳಬಹುದು. ವಲಸಿಗರ ವಿಷಯದಲ್ಲಿ ಬ್ರಿಟನ್ ಮಾಡಿದ ವಿವೇಕದ ಕೆಲಸಗಳ ಪಟ್ಟಿ ಚಿಕ್ಕದು, ಇದು ಅದರಲ್ಲೊಂದು.

ಈಗ ನಮ್ಮವರ ಚೀಲ ಬಿಚ್ಚಿ ನೋಡೋಣ. ಮಾಲಾ-ಡಿ ಅಥವಾ ಓವ್ರಲ್-ಎಲ್ ಒಯ್ದವಳಿಗೆ ಚಿಂತೆಯಿಲ್ಲ. 150 ಮೈಕ್ರೋಗ್ರಾಮ್ ಲೆವೊನಾರ್ಜೆಸ್ಟ್ರೆಲ್, 30 ಮೈಕ್ರೋಗ್ರಾಮ್ ಎಥಿನೈಲ್ ಎಸ್ಟ್ರಾಡಿಯೋಲ್ ಇರುವ ಅದೇ ಮಾತ್ರೆ ಇಂಗ್ಲೆಂಡಿನಲ್ಲಿ ಮೈಕ್ರೋಗೈನಾನ್, ಆಸ್ಟ್ರೇಲಿಯಾದಲ್ಲಿ ಲೆವ್ಲೆನ್. ಹೆಸರು ಹೇಳಿದರೆ ಅಲ್ಲಿ ಯಾರಿಗೂ ತಿಳಿಯದು, ಪ್ರಮಾಣ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಪಿಸಿಒಡಿಗೆಂದು ಡಯೇನ್-35 ತೆಗೆದುಕೊಳ್ಳುವವಳ ಕಥೆ ಬೇರೆ. ಅದರಲ್ಲಿರುವ ಸೈಪ್ರೊಟೆರೋನ್‌ಗೆ ಅಮೆರಿಕದಲ್ಲಿ ಒಪ್ಪಿಗೆಯೇ ಇಲ್ಲ, ಫ್ರಾನ್ಸ್ 2013ರಲ್ಲಿ ಆ ಮಾತ್ರೆಯ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತ್ತು. ನಮ್ಮಲ್ಲಿ ಅದನ್ನು ಮೊಡವೆಗೂ ಮುಟ್ಟಿಗೂ ಧಾರಾಳವಾಗಿ ಬರೆಯುತ್ತಾರೆ, ಅಷ್ಟು ಧಾರಾಳತನ ಬೇಕಿಲ್ಲ. ಎಲ್ಲಕ್ಕಿಂತ ಪೇಚು ಸಹೇಲಿಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯ ಆನಂದ್ ಅವರ ನೇತೃತ್ವದಲ್ಲಿ ಸಿದ್ಧವಾದ ಸೆಂಟ್‌ಕ್ರೋಮನ್, 1991ರಿಂದ ‘ಸಹೇಲಿ’ಯಾಗಿ, ಸರ್ಕಾರಿ ಕಾರ್ಯಕ್ರಮದಲ್ಲಿ ‘ಛಾಯಾ’ ಆಗಿ ಬಂದ, ಹಾರ್ಮೋನ್ ಅಲ್ಲದ, ವಾರಕ್ಕೊಂದರ ಮಾತ್ರೆ. ದಿನವೂ ನೆನಪಿಡಬೇಕಿಲ್ಲ, ವಾಂತಿ ತಲೆಸುತ್ತು ಕಡಿಮೆ. ಆದರೆ ಭಾರತ ಬಿಟ್ಟರೆ ಅದನ್ನು ಬರೆದುಕೊಡುವ ಡಾಕ್ಟರು ಸಿಗುವುದಿಲ್ಲ. ನಮ್ಮದೇ ಆವಿಷ್ಕಾರವನ್ನು ನೆಚ್ಚಿಕೊಂಡ ಹೆಣ್ಣು ಹೊರಗೆ ಹೋದರೆ ಏನು ಮಾಡುತ್ತಾಳೆ ಎಂಬುದರ ಮೇಲೆ ಒಂದು ಪ್ರಬಂಧವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಿಟ್ಟುಹೋದ ಇನ್ನೂ ಕೆಲವನ್ನು ಹೇಳಲೇಬೇಕು. ಓಪಿಲ್‌ನಂಥ ಮಾತ್ರೆಯನ್ನು ದಿನವೂ ಅದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಮೂರು ಗಂಟೆಗಿಂತ ತಡವಾಗಬಾರದು. ಬೆಂಗಳೂರಿನ ರಾತ್ರಿ ಒಂಬತ್ತು ಎಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಗಿನ ಎಂಟೂವರೆ. ರಜೆಗೆ ಊರಿಗೆ ಬಂದವಳು ಇಲ್ಲಿನ ಗಡಿಯಾರ ನೋಡಿ ನುಂಗಿದರೆ ಎಡವಟ್ಟಾಗುತ್ತದೆ. ಎರಡನೆಯದು ಕ್ಷಯ. ಭಾರತದಿಂದ ಹೋದವರಲ್ಲಿ ಅಡಗಿದ ಕ್ಷಯವನ್ನು ಪಾಶ್ಚಾತ್ಯ ದೇಶಗಳು ಹುಡುಕಿ ಔಷಧ ಕೊಡುತ್ತವೆ. ಆ ಔಷಧಗಳಲ್ಲಿ ರಿಫಾಂಪಿಸಿನ್ ಇದ್ದರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ, ನಿಲ್ಲಿಸಿದ ಮೇಲೂ ನಾಲ್ಕು ವಾರ ಕುಗ್ಗಿರುತ್ತದೆ. ಕ್ಷಯದ ಡಾಕ್ಟರು ಮಾತ್ರೆಯ ವಿಷಯ ಕೇಳುವುದಿಲ್ಲ, ಹುಡುಗಿ ಸಂಕೋಚದಿಂದ ಹೇಳುವುದಿಲ್ಲ. ಮೂರನೆಯದು ಮನೆಗೆಲಸದವರು. ಸಿಂಗಪುರದಲ್ಲಿ ಹೊರದೇಶದ ಮನೆಗೆಲಸದ ಹೆಂಗಸಿಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆಯಿದೆ, ಬಸಿರಿನ ಪರೀಕ್ಷೆಯೂ ಅದರಲ್ಲಿ ಸೇರಿದೆ. ಬಸಿರೆಂದು ತಿಳಿದರೆ ಕೆಲಸ ಹೋಗಿ ಊರಿಗೆ ವಾಪಸು. ಅವಳ ಪಾಲಿಗೆ ಮಾತ್ರೆ ಸಂಸಾರ ಯೋಜನೆಯಲ್ಲ, ಕೆಲಸದ ಪರವಾನಗಿ. ನಮ್ಮ ಕ್ಷೇತ್ರ ಸಾಫ್ಟ್‌ವೇರ್ ಹೆಂಡತಿಯರ ಬಗ್ಗೆ ಮಾತಾಡಿದ ಅರ್ಧದಷ್ಟಾದರೂ ಇವಳ ಬಗ್ಗೆ ಮಾತಾಡಬೇಕಿತ್ತು.

ದೊಡ್ಡ ಸಮೀಕ್ಷೆಗಳು ಬರುವವರೆಗೆ ಕಾಯಬೇಕಿಲ್ಲ. ಪರದೇಶಕ್ಕೆ ಹೊರಟ ಹೆಣ್ಣುಮಗಳಿಗೆ ಮಾತ್ರೆ ಬರೆಯುವ ಡಾಕ್ಟರರಲ್ಲಿ ನನ್ನದೊಂದು ವಿನಂತಿ. ಕಂಪನಿಯ ಹೆಸರಿನ ಪಕ್ಕದಲ್ಲಿ ಔಷಧದ ಹೆಸರು, ಮೈಕ್ರೋಗ್ರಾಮ್ ಲೆಕ್ಕ, ಎಂದಿನಿಂದ ತೆಗೆದುಕೊಳ್ಳುತ್ತಿದ್ದಾಳೆ, ರಕ್ತದೊತ್ತಡ ಎಷ್ಟಿತ್ತು, ಯಾವ ದಿನಾಂಕ, ಇವಿಷ್ಟನ್ನು ಇಂಗ್ಲಿಷಿನ ದಪ್ಪಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಸಹಿ, ಮೊಹರು ಹಾಕಿ ಕೊಡಿ. ಆ ಚೀಟಿಗೆ ಹೊರದೇಶದಲ್ಲಿ ಮಾತ್ರೆ ಕೊಡುವುದಿಲ್ಲ, ನಿಜ. ಆದರೆ ಅಲ್ಲಿನ ಡಾಕ್ಟರು ಅದನ್ನು ನೋಡಿ ಅದೇ ಮಾತ್ರೆಯನ್ನು ಬರೆದುಕೊಡಬಲ್ಲರು. ಹೊರಡುವವರಿಗೂ ಒಂದು ಮಾತು: ಡಾಕ್ಟರು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ, ಸಹೇಲಿ ತೆಗೆದುಕೊಳ್ಳುವವರು ಟಿಕೆಟ್ಟು ಮಾಡಿಸುವ ಮೊದಲೇ ಬದಲಿ ಯಾವುದೆಂದು ಗೊತ್ತುಮಾಡಿಕೊಳ್ಳಿ.