ಕಾರಾ ವಾಕರ್: ಕಪ್ಪು ಕಾಗದದಲ್ಲಿ ಕತ್ತರಿಸಿದ ಇತಿಹಾಸ

ಅಮೆರಿಕದ ಸಮಕಾಲೀನ ಕಲಾವಿದರ ಪೈಕಿ ತೀವ್ರ ಚರ್ಚೆಗೆ ಗುರಿಯಾದವರಲ್ಲಿ ಕಾರಾ ವಾಕರ್ ಒಬ್ಬರು. ಗುಲಾಮಗಿರಿಯ ಕಾಲದ ಕ್ರೌರ್ಯವನ್ನು ಕಪ್ಪು ಕಾಗದದ ನೆರಳುಚಿತ್ರಗಳಾಗಿ ಕತ್ತರಿಸಿ ಬಿಳಿ ಗೋಡೆಗೆ ಅಂಟಿಸುವ ಅವರ ಕಲೆಗೆ ಮನ್ನಣೆಯೂ ದೊರೆತಿದೆ, ವಿರೋಧವೂ ಎದುರಾಗಿದೆ.

ಶಿಕ್ಷಣ

ವಾಕರ್ ಜನಿಸಿದ್ದು 1969ರ ನವೆಂಬರ್ 26ರಂದು, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದಲ್ಲಿ. ತಂದೆ ಲ್ಯಾರಿ ವಾಕರ್ ಚಿತ್ರಕಾರರು ಹಾಗೂ ಕಲಾ ಅಧ್ಯಾಪಕರು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಂದೆಗೆ ಹುದ್ದೆ ದೊರೆತಾಗ ಕುಟುಂಬ ಅಟ್ಲಾಂಟಾ ಸಮೀಪದ ಸ್ಟೋನ್ ಮೌಂಟನ್‌ಗೆ ಬಂದು ನೆಲೆಸಿತು. ಆಗ ಬಾಲಕಿಗೆ 13 ವರ್ಷ. ಅಂತರ್ಯುದ್ಧದಲ್ಲಿ ಗುಲಾಮ ಪದ್ಧತಿಯ ಪರ ನಿಂತ ದಕ್ಷಿಣದ ಮೂವರು ನಾಯಕರ ಬೃಹತ್ ಉಬ್ಬುಶಿಲ್ಪವನ್ನು ಅಲ್ಲಿನ ಬೆಟ್ಟದಲ್ಲಿ ಕೆತ್ತಲಾಗಿದೆ. ಬಿಳಿಯರ ಉಗ್ರ ಸಂಘಟನೆ ಕು ಕ್ಲಕ್ಸ್ ಕ್ಲಾನ್ 1915ರಲ್ಲಿ ಮರುಹುಟ್ಟು ಪಡೆದದ್ದೂ ಆ ಬೆಟ್ಟದ ಮೇಲೆಯೇ.

ವಾಕರ್ 1991ರಲ್ಲಿ ಅಟ್ಲಾಂಟಾ ಕಲಾ ಕಾಲೇಜಿನಿಂದ ಪದವಿಯನ್ನೂ, 1994ರಲ್ಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ನೆರಳಿನ ಭಾಷೆ

ಅದೇ ವರ್ಷ ನ್ಯೂಯಾರ್ಕ್‌ನ ಡ್ರಾಯಿಂಗ್ ಸೆಂಟರ್‌ನಲ್ಲಿ ಪ್ರದರ್ಶಿತವಾದ, ಸುಮಾರು 50 ಅಡಿ ಉದ್ದದ ಭಿತ್ತಿಕೃತಿ ಅವರಿಗೆ ಹೆಸರು ತಂದಿತು. ಕ್ಯಾಮೆರಾ ಬರುವ ಮುನ್ನ ನೆರಳುಚಿತ್ರವು ಅಗ್ಗದ, ಜನಪ್ರಿಯ ಭಾವಚಿತ್ರ ಕಲೆಯಾಗಿತ್ತು. ವಾಕರ್ ಆ ಸೌಮ್ಯ ಮಾಧ್ಯಮದಲ್ಲಿ ಅತ್ಯಾಚಾರ, ಹಿಂಸೆಗಳನ್ನು ಚಿತ್ರಿಸಿದರು. ಒಡೆಯನೂ ಕಪ್ಪು, ಗುಲಾಮನೂ ಕಪ್ಪು. ತುಟಿ, ಕೂದಲು, ಉಡುಪಿನ ಅಂಚಿನಿಂದಲೇ ನೋಡುಗ ಅವರ ಜನಾಂಗವನ್ನು ಗುರುತಿಸುತ್ತಾನೆ. ತನ್ನೊಳಗಿನ ಪೂರ್ವಗ್ರಹಕ್ಕೆ ಹೀಗೆ ತಾನೇ ಸಾಕ್ಷಿಯಾಗುತ್ತಾನೆ.

ಪ್ರಶಸ್ತಿ ಮತ್ತು ಪ್ರತಿಭಟನೆ

1997ರಲ್ಲಿ, 28 ತುಂಬುವ ಮುನ್ನವೇ, ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಷಿಪ್ ಅವರಿಗೆ ಲಭಿಸಿತು. ಅದೇ ವರ್ಷ ಹಿರಿಯ ಕಪ್ಪು ಕಲಾವಿದೆ ಬೆಟಿ ಸಾರ್, ವಾಕರ್ ಕೃತಿಗಳ ಪ್ರದರ್ಶನವನ್ನು ವಿರೋಧಿಸಿ ಪತ್ರ ಚಳವಳಿ ಆರಂಭಿಸಿದರು. ಕಪ್ಪು ಜನರನ್ನು ಹೀಯಾಳಿಸಲು ಬಿಳಿಯರು ಬಳಸಿದ ಚಿತ್ರಗಳನ್ನೇ ಮತ್ತೆ ಬಳಸುವುದು ಸಮುದಾಯಕ್ಕೆ ಮಾಡುವ ದ್ರೋಹವೆಂಬುದು ಅವರ ವಾದವಾಗಿತ್ತು. 1999ರಲ್ಲಿ ಡೆಟ್ರಾಯಿಟ್ ಕಲಾ ಸಂಸ್ಥೆಯು ಆಕ್ಷೇಪಗಳ ಕಾರಣ ವಾಕರ್ ಅವರ ಕೃತಿಯೊಂದನ್ನು ಪ್ರದರ್ಶನದಿಂದ ತೆಗೆಯಿತು. ಅವಮಾನದ ಚಿತ್ರವನ್ನು ತೋರಿಸಿ ಅವಮಾನವನ್ನು ಬಯಲಿಗೆಳೆಯಬಹುದೇ ಎಂಬ ವಿವಾದ ಇಂದಿಗೂ ಬಗೆಹರಿದಿಲ್ಲ.

ಸ್ಮಾರಕಗಳತ್ತ

ವಾಕರ್ 2001ರಿಂದ 2015ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. 2014ರಲ್ಲಿ ಬ್ರೂಕ್ಲಿನ್‌ನ ಹಳೆಯ ಡೊಮಿನೊ ಸಕ್ಕರೆ ಕಾರ್ಖಾನೆಯಲ್ಲಿ, ತಲೆಗೆ ವಸ್ತ್ರ ಕಟ್ಟಿದ ಕಪ್ಪು ಮಹಿಳೆಯ ರೂಪದ 75 ಅಡಿ ಉದ್ದದ ಸ್ಫಿಂಕ್ಸ್ ನಿರ್ಮಿಸಿ ಬಿಳಿ ಸಕ್ಕರೆ ಲೇಪಿಸಿದರು. ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರಿಗೆ ಅದು ಅರ್ಪಣೆಯಾಗಿತ್ತು.

ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನ ಕಂಚಿನ ಪ್ರತಿಮೆಯನ್ನು 2021ರಲ್ಲಿ ಷಾರ್ಲಟ್ಸ್‌ವಿಲ್ ನಗರದಿಂದ ತೆರವುಗೊಳಿಸಲಾಯಿತು. ವಾಕರ್ ಅದನ್ನು ತುಂಡರಿಸಿ, ಸವಾರ ಮತ್ತು ಕುದುರೆಯ ಅಂಗಗಳನ್ನು ಅಸ್ತವ್ಯಸ್ತವಾಗಿ ಮರುಜೋಡಿಸಿದರು. 2025ರಲ್ಲಿ ಅದು ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶನಗೊಂಡಿತು. ಸ್ಟೋನ್ ಮೌಂಟನ್ ಬೆಟ್ಟದ ಮೂವರು ನಾಯಕರಲ್ಲಿ ಜಾಕ್ಸನ್ ಕೂಡ ಒಬ್ಬ.